ಪ್ಯಾರಾ ಕಮಾಂಡೊ ಆಗಬೇಕು ಎನ್ನುವ ನಮ್ಮ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಜಿಲ್ಲಾ ಕ್ರೀಡಾಂಗಣಕ್ಕೆ ಬೆಳಿಗ್ಗೆ ಓಡಲು ಬರುವ ಹುಡುಗರಿಗೆ ನಾಲ್ಕು ವರ್ಷದಿಂದ ದಾರಿ ತೋರಿಸುತ್ತಿದ್ದೇನೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ಗೆ, ಅಂದರೆ ಸೇನೆಯ ಇಂಜಿನಿಯರ್ ಪಡೆಗೆ, ನಾವೆಲ್ಲ ಎಂಇಜಿ ಅನ್ನುತ್ತೇವೆ, ಹತ್ತೊಂಬತ್ತನೇ ವಯಸ್ಸಿಗೆ ಸೇರಿ ಹವಾಲ್ದಾರ್ ಆಗಿ ನಿವೃತ್ತನಾದವನು ನಾನು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನಿಂದ ಹುಡುಗರು ಬರುತ್ತಾರೆ. ಮುಳಬಾಗಿಲು, ಮಧುಗಿರಿ, ಪಾವಗಡದಿಂದ ಫೋನ್ ಮಾಡುತ್ತಾರೆ. ಬಹಳಷ್ಟು ಜನರ ಬಾಯಲ್ಲಿ ಒಂದೇ ಮಾತು: ಪ್ಯಾರಾ ಎಸ್‌ಎಫ್, ಅಂದರೆ ಪ್ಯಾರಾಶೂಟ್ ರೆಜಿಮೆಂಟಿನ ಸ್ಪೆಷಲ್ ಫೋರ್ಸಸ್ ಕಮಾಂಡೊ ಪಡೆ. ಕೇಳಿದ್ದನ್ನೇ ಕೇಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಅವರ ಮನೆಯವರೂ ಓದಲಿ ಎಂದು ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಅಣ್ಣ, ಕಮಾಂಡೊಗೆ ಅಂತಲೇ ನೇರ ಭರ್ತಿ ಇದೆಯಾ?

"ಕಮಾಂಡೊ ಹುದ್ದೆ" ಎಂದು ಅರ್ಜಿ ಹಾಕುವ ವ್ಯವಸ್ಥೆ ಸೇನೆಯಲ್ಲಿ ಇಲ್ಲ. ಮೊದಲು ನೀನು ಸೈನಿಕ ಆಗಬೇಕು. ಇವತ್ತು ಜವಾನನಾಗಿ ಸೇರುವ ದಾರಿ ಅಗ್ನಿವೀರ್, ನಾಲ್ಕು ವರ್ಷದ ಸೇವೆ. ಅಲ್ಲಿಂದ ಎರಡು ಕವಲು. ಒಂದು, ನಿನಗೆ ಪ್ಯಾರಾಶೂಟ್ ರೆಜಿಮೆಂಟೇ ಸಿಕ್ಕರೆ ಅದರ ಟ್ರೈನಿಂಗ್ ಸೆಂಟರ್‌ನಲ್ಲಿ ತರಬೇತಿ. ಅದು ಇರುವುದು ನಮ್ಮ ಬೆಂಗಳೂರಿನಲ್ಲೇ, ಜಯಚಾಮರಾಜೇಂದ್ರ ನಗರದ ಕಡೆ. ಎರಡು, ಬೇರೆ ಯಾವುದೋ ರೆಜಿಮೆಂಟಿಗೆ ಸೇರಿ, ಅಲ್ಲಿ ಗಟ್ಟಿಯಾಗಿ ನಿಂತು, ಆಮೇಲೆ ಸ್ವಇಚ್ಛೆಯಿಂದ ಪ್ಯಾರಾಗೆ ಹೆಸರು ಕೊಡುವುದು. ಎರಡರಲ್ಲೂ ಪ್ರೊಬೇಷನ್, ಅಂದರೆ ಕಠಿಣ ಆಯ್ಕೆ ಪರೀಕ್ಷೆಯ ಅವಧಿ, ದಾಟಿದರೆ ಮಾತ್ರ ಪ್ಯಾರಾದವರ ಮರೂನ್ ಟೋಪಿ.

ಇದರ ಮೂಲ ಹಳೆಯದು. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಅವರು ಬೇರೆ ಬೇರೆ ಪಡೆಗಳಿಂದ ಸ್ವಇಚ್ಛೆಯಿಂದ ಬಂದವರನ್ನು ಕಟ್ಟಿಕೊಂಡು ಶತ್ರುವಿನ ಬೆನ್ನ ಹಿಂದೆ ಹೋಗಿ ಹೊಡೆದರು. ಅದಕ್ಕೆ ಮೇಘದೂತ್ ಫೋರ್ಸ್ ಎಂದು ಹೆಸರು. ಮರುವರ್ಷ, 1966ರಲ್ಲಿ, 9 ಪ್ಯಾರಾ ಕಮಾಂಡೊ ಬೆಟಾಲಿಯನ್ ಹುಟ್ಟಿತು. ಅವತ್ತೂ ಕೈ ಎತ್ತಿ ಬಂದವರನ್ನೇ ತೆಗೆದುಕೊಂಡರು, ಇವತ್ತೂ ಅದೇ ರಿವಾಜು.

ಹಾಗಾದರೆ ಎಸ್‌ಎಫ್‌ಗೆ ಹೋಗುವವರ ಬೇಸಿಕ್ ಟ್ರೈನಿಂಗ್ ಬೇರೆ ಥರ ಇರುತ್ತಾ?

ಬುನಾದಿ ಎಲ್ಲರಿಗೂ ಒಂದೇ. ಡ್ರಿಲ್, ಪಿಟಿ, ರೈಫಲ್ ಬಿಚ್ಚಿ ಜೋಡಿಸುವುದು, ಫೈರಿಂಗ್, ನಕ್ಷೆ ಓದುವುದು, ಬಯಲಲ್ಲಿ ಮರೆಯಾಗಿ ನಡೆಯುವುದು, ಪ್ರಥಮ ಚಿಕಿತ್ಸೆ, ಕಾವಲು. ಪ್ಯಾರಾ ಸೆಂಟರ್‌ನಲ್ಲಿ ಓಟದ ಬಿಸಿ ಜಾಸ್ತಿ, ಅಷ್ಟೆ. ಅಗ್ನಿವೀರರಿಗೆ ಇದೆಲ್ಲ ಸುಮಾರು ಆರೇಳು ತಿಂಗಳಲ್ಲಿ ಮುಗಿದು ಕಸಮ್ ಪರೇಡ್, ಅಂದರೆ ಪ್ರಮಾಣವಚನದ ಪರೇಡ್, ಆಗುತ್ತದೆ. ನಮ್ಮ ಕಾಲದಲ್ಲಿ ಇದಕ್ಕಿಂತ ಹೆಚ್ಚು ಸಮಯ ಇತ್ತು. ಈಗ ಅಷ್ಟನ್ನೂ ಕಡಿಮೆ ದಿನದಲ್ಲಿ ಹಿಡಿಸಿಕೊಳ್ಳಬೇಕು, ಆದ್ದರಿಂದ ಊರಲ್ಲೇ ಅರ್ಧ ತಯಾರಾಗಿ ಹೋಗುವುದು ಹಿಂದಿಗಿಂತ ಮುಖ್ಯ.

ಹುಡುಗರು ಬೇಸಿಕ್ ಅನ್ನು ದಾಟಬೇಕಾದ ಹೊಸ್ತಿಲು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದೇ ಮನೆಯ ಪಾಯ. ಮುಂದೆ ಎಸ್‌ಎಫ್‌ನಲ್ಲಿ ನಿಂತ ನನ್ನ ಬ್ಯಾಚಿನ ಇಬ್ಬರೂ ಬೇಸಿಕ್‌ನಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವರಲ್ಲ. ಹಾಸಿಗೆ ಸರಿಯಾಗಿ ಮಡಿಸುವವರು, ಹೇಳಿದ ಹೊತ್ತಿಗೆ ನಿಲ್ಲುವವರು, ಪಕ್ಕದವನ ಬೂಟಿನ ಲೇಸು ಬಿಚ್ಚಿದ್ದರೆ ಹೇಳುವವರು.

ಮೊದಲ ವಾರ ಹೇಗಿರುತ್ತದೆ?

ಗೇಟು ದಾಟಿದ ದಿನ ತಲೆ ಬೋಳಾಗುತ್ತದೆ. ಒಂದು ಕಪ್ಪು ಟ್ರಂಕು, ಕಂಬಳಿ, ಮೆಸ್‌ಟಿನ್, ಮಗ್ಗು, ಬೂಟು, ಸೂಜಿ ದಾರದ ಪುಟ್ಟ ಚೀಲ ಕೈಗೆ ಬರುತ್ತವೆ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಅವತ್ತಿನಿಂದ ನಿನ್ನನ್ನು ಕರೆಯುವುದು ಹೆಚ್ಚಾಗಿ ಆ ನಂಬರಿನಿಂದಲೇ.

ಬೆಳಿಗ್ಗೆ ನಾಲ್ಕೂವರೆಯ ಆಸುಪಾಸು ವಿಸಿಲ್. ಗಡ್ಡ, ಹಾಸಿಗೆ, ಚಾಯ್, ಫಾಲ್ ಇನ್. ಗಡ್ಡ ಬಂದಿರಲಿ ಬಿಡಲಿ, ರೇಜರ್ ಆಡಿಸಲೇಬೇಕು. ಪಿಟಿ, ನಾಷ್ಟಾ, ಡ್ರಿಲ್, ಕ್ಲಾಸು, ಊಟ, ಮತ್ತೆ ಕ್ಲಾಸು, ಸಂಜೆ ಆಟ, ರೋಲ್ ಕಾಲ್. ರಾತ್ರಿ ಬೂಟ್ ಪಾಲಿಶ್. ಮೈಗಿಂತ ಮೊದಲು ಸೋಲುವುದು ಗಡಿಯಾರದ ಮುಂದೆ. ಹಳ್ಳಿಯ ಹುಡುಗನಿಗೆ ಹೊಲದ ಕೆಲಸ ಗೊತ್ತು, ಹೈನಿನ ಕೆಲಸ ಗೊತ್ತು, ಬೆಳಗಿನ ಜಾವ ಏಳುವುದೂ ಗೊತ್ತು. ಆದರೆ ಏಳು ನಿಮಿಷದಲ್ಲಿ ಉಂಡು, ತೊಳೆದು, ಸಾಲಿನಲ್ಲಿ ನಿಲ್ಲುವುದು ಹೊಸದು.

ಮೂರನೇ ನಾಲ್ಕನೇ ರಾತ್ರಿ ಬ್ಯಾರಕ್‌ನಲ್ಲಿ ಯಾರೋ ಕಂಬಳಿಯೊಳಗೆ ಅಳುವ ಸದ್ದು ಕೇಳುತ್ತದೆ. ನಾನೂ ಅತ್ತಿದ್ದೇನೆ. ಬೆಂಗಳೂರು ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಆದರೂ ಅಮ್ಮ ಸಮುದ್ರದ ಆಚೆ ಇದ್ದ ಹಾಗೆ ಅನ್ನಿಸುತ್ತಿತ್ತು. ಎರಡು ವಾರ ಕಳೆದ ಮೇಲೆ ಅದು ತಾನಾಗಿ ಸಡಿಲವಾಗುತ್ತದೆ. ಆ ಎರಡು ವಾರದಲ್ಲಿ ಯಾವ ದೊಡ್ಡ ನಿರ್ಧಾರವನ್ನೂ ಮಾಡಬೇಡ ಎಂದು ಹೊರಡುವ ಪ್ರತಿಯೊಬ್ಬನಿಗೂ ಹೇಳಿ ಕಳಿಸುತ್ತೇನೆ.

ಮಗನನ್ನು ಅಲ್ಲಿ ಹೊಡೀತಾರಂತೆ, ನಿಜವೇ ಸರ್?

ಇದನ್ನು ಕೇಳುವವರು ತಾಯಂದಿರು. ಅಮ್ಮಾ, ಕೈ ಎತ್ತಿ ಹೊಡೆಯುವುದಕ್ಕೆ ಯಾವ ಉಸ್ತಾದ್‌ಗೂ, ಅಂದರೆ ತರಬೇತಿ ಕೊಡುವವರಿಗೂ, ಅಧಿಕಾರ ಇಲ್ಲ. ಹೊಡೆದದ್ದು ಗೊತ್ತಾದರೆ ಅವನ ಮೇಲೇ ಕ್ರಮ ಆಗುತ್ತದೆ. ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ, ಮಾತ್ರ ಇದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಒಬ್ಬ ತಡ ಮಾಡಿದರೆ ಇಡೀ ಸ್ಕ್ವಾಡ್ ಫ್ರಂಟ್ ರೋಲ್ ಹೊಡೆಯುತ್ತದೆ, ರೈಫಲ್ ತಲೆಯ ಮೇಲೆ ಹಿಡಿದು ಮೈದಾನ ಸುತ್ತುತ್ತದೆ. ಬೈಗುಳವೂ ಬೀಳುತ್ತದೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡವನು ಕುಗ್ಗುತ್ತಾನೆ. ಗಾಯ, ಜ್ವರ, ತಲೆಸುತ್ತು ಇದ್ದರೆ ಎಂಐ ರೂಮಿಗೆ, ಅಂದರೆ ಒಳಗಿನ ಆಸ್ಪತ್ರೆಗೆ, ಹೋಗುವುದು ಅವನ ಹಕ್ಕು. "ನಾಚಿಕೊಳ್ಳದೆ ಹೇಳು ಮಗನೇ" ಎಂದು ನೀವೂ ಒಂದು ಮಾತು ಹೇಳಿ ಕಳಿಸಿ.

ನನಗೆ ಹಿಂದಿ ಬರಲ್ಲ. ಕಷ್ಟ ಆಗುತ್ತಾ?

ಆರು ವಾರ ಕಷ್ಟ, ಆಮೇಲೆ ಇಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಯವರಿಗೆ ಒಂದು ವರ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೆಜಿಎಫ್ ಕಡೆಯವನಾದರೆ ತಮಿಳು. ಎಂಇಜಿಯವರನ್ನು ಸೈನ್ಯವೆಲ್ಲ "ತಂಬಿ" ಎಂದೇ ಕರೆಯುವುದು, ಅಲ್ಲಿ ದಕ್ಷಿಣದ ನಾಲ್ಕೂ ಭಾಷೆ ಓಡುತ್ತವೆ. ಪ್ಯಾರಾದಲ್ಲಿ ದೇಶದ ಎಲ್ಲ ಕಡೆಯವರು ಇರುತ್ತಾರೆ, ಅಲ್ಲಿ ಹಿಂದಿ ಬೇಕೇ ಬೇಕು. ಆದೇಶವನ್ನು ಅರ್ಧ ಕೇಳಿಸಿಕೊಂಡು ತಲೆ ಆಡಿಸುವವನು ಫೈರಿಂಗ್ ರೇಂಜ್‌ನಲ್ಲಿ ಅಪಾಯ. ಅರ್ಥವಾಗದಿದ್ದರೆ "ಸಮಝಾ ನಹೀ ಉಸ್ತಾದ್" ಅನ್ನು. ಬೈಸಿಕೋ. ಮತ್ತೆ ಕೇಳಿಸಿಕೋ.

ಇನ್ನೊಂದು ಒಳ್ಳೆಯ ಸುದ್ದಿ. ಅಗ್ನಿವೀರ್ ಪ್ರವೇಶ ಪರೀಕ್ಷೆಯನ್ನು 2025ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಓಟದಲ್ಲಿ ಚಿರತೆಯಂತಿದ್ದ ಎಷ್ಟೋ ಹುಡುಗರು ಪ್ರಶ್ನೆಪತ್ರಿಕೆಯ ಭಾಷೆಗೇ ಸೋತಿದ್ದನ್ನು ನೋಡಿದ್ದೇನೆ.

ಮುದ್ದೆ ಸಿಗುತ್ತಾ?

ಸಿಗುವುದು ಅಪರೂಪ. ಚಪಾತಿ, ದಾಲ್, ಅನ್ನ, ತರಕಾರಿ, ಮೊಟ್ಟೆ ಅಥವಾ ಮಾಂಸ, ಹಾಲು. ಲಂಗರ್‌ನ ಊಟ ಹೊಟ್ಟೆ ತುಂಬ ಇರುತ್ತದೆ. ಚಪಾತಿ ಅಭ್ಯಾಸವಿಲ್ಲದ ಹೊಟ್ಟೆ ಹತ್ತು ದಿನ ತಕರಾರು ಮಾಡುತ್ತದೆ. ಹೊರಡುವ ತಿಂಗಳ ಮುಂಚೆಯಿಂದ ಒಂದು ಹೊತ್ತು ಚಪಾತಿ ರೂಢಿ ಮಾಡಿಕೊಳ್ಳಿ. ಬಸ್ಸಾರು ಮುದ್ದೆಯನ್ನು ರಜೆಗೆ ಬಂದಾಗ ಉಂಡರಾಯಿತು.

ಬೂಟು ಹಾಕಿ ಓಡಿದರೆ ಕಾಲು ಏನಾಗುತ್ತದೆ?

ಇದಕ್ಕೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ತರಬೇತಿಯಿಂದ ಹಿಂದೆ ಬೀಳುವ ಹುಡುಗರಲ್ಲಿ ಹೆಚ್ಚಿನವರನ್ನು ಬೀಳಿಸುವುದು ಕಾಲು.

ನಮಗೊಬ್ಬ ಉಸ್ತಾದ್ ಇದ್ದರು. ರಾತ್ರಿ ಲೈಟ್ ಆರಿದ ಮೇಲೆ ಟಾರ್ಚ್ ಹಿಡಿದು ಬ್ಯಾರಕ್‌ಗೆ ಬರುತ್ತಿದ್ದರು. ಮಂಚದ ತುದಿಯಿಂದ ಪಾದ ಹೊರಗಿಡಿ ಅನ್ನುತ್ತಿದ್ದರು. ಇಪ್ಪತ್ತು ಜೋಡಿ ಪಾದ ಸಾಲಾಗಿ. ಒಂದೊಂದೇ ಪಾದ ಕೈಯಲ್ಲಿ ಹಿಡಿದು, ಬೆರಳ ಸಂದು ಬಿಡಿಸಿ, ಹಿಮ್ಮಡಿ ಒತ್ತಿ ನೋಡುತ್ತಿದ್ದರು. ಹಗಲೆಲ್ಲ ನಮ್ಮನ್ನು ಮಣ್ಣಿನಲ್ಲಿ ಹೊರಳಾಡಿಸಿದ ಅದೇ ಕೈ. ಬೆರಳ ಸಂದು ಒದ್ದೆಯಿದ್ದರೆ ಎಬ್ಬಿಸಿ ಒರೆಸಿಸುತ್ತಿದ್ದರು, ಪೌಡರ್ ಹಾಕಿಸುತ್ತಿದ್ದರು. ನೀರುಗುಳ್ಳೆ ಎದ್ದಿದ್ದರೆ ಅದರ ಮೇಲಿನ ಚರ್ಮ ಕೀಳಬಾರದು, ಅದೇ ದೇವರು ಕೊಟ್ಟ ಪಟ್ಟಿ ಎನ್ನುತ್ತಿದ್ದರು. ಕಾಲುಚೀಲ ಎರಡು ಜೊತೆ, ಒಂದು ಕಾಲಲ್ಲಿ, ಒಂದು ಒಣಗುತ್ತಾ. ಕಾಲುಚೀಲದ ಹೊಲಿಗೆ ಬೆರಳಿನ ಮೇಲೆ ಮಡಚಿ ಕೂತಿದೆಯೇ ಎಂದು ಬೂಟು ಹಾಕುವಾಗ ಪ್ರತಿ ಸಲ ಬೆರಳಾಡಿಸಿ ನೋಡುವ ಅಭ್ಯಾಸ ನನಗೆ ಅವರಿಂದ ಬಂತು. ಇವತ್ತಿಗೂ ಚಪ್ಪಲಿ ಹಾಕುವಾಗ ಕೈ ಅಲ್ಲಿಗೇ ಹೋಗುತ್ತದೆ.

ಗುಳ್ಳೆಗಿಂತ ದೊಡ್ಡ ವೈರಿ ಕಣಕಾಲಿನ ಮೂಳೆಯ ನೋವು. ಒಮ್ಮೆಗೇ ಓಟ ಜಾಸ್ತಿ ಮಾಡಿದರೆ ಮೂಳೆ ತನ್ನನ್ನು ಗಟ್ಟಿ ಮಾಡಿಕೊಳ್ಳಲು ಸಮಯ ಸಿಗುವುದಿಲ್ಲ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಡಾಕ್ಟರು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಗುರುತು ಇಷ್ಟೇ: ಓಡಿದ ಮೇಲೆ ಕಾಲೆಲ್ಲ ಸೆಳೆದರೆ ಅದು ಆಯಾಸ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ಕಡೆ, ಸುಮ್ಮನೆ ಕೂತಾಗಲೂ ನೋಯುತ್ತಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಬಿಪಿಇಟಿ ಅಂದರೇನು?

ಬ್ಯಾಟಲ್ ಫಿಸಿಕಲ್ ಎಫಿಶಿಯೆನ್ಸಿ ಟೆಸ್ಟ್. ಯುದ್ಧದ ಉಡುಪಿನಲ್ಲಿ, ಹೊರೆ ಮತ್ತು ರೈಫಲ್ ಸಮೇತ ಮಾಡುವ ದೈಹಿಕ ಪರೀಕ್ಷೆ. 5 ಕಿ.ಮೀ. ಓಟ, 60 ಮೀಟರ್ ವೇಗದ ಓಟ, ಹಗ್ಗ ಹತ್ತುವುದು, ಅಡ್ಡ ಹಗ್ಗದಲ್ಲಿ ಜೋತು ಸಾಗುವುದು, 9 ಅಡಿ ಹಳ್ಳ ಹಾರುವುದು. ಚಿಕ್ಕ ವಯಸ್ಸಿನವರು 5 ಕಿ.ಮೀ. ಅನ್ನು 25 ನಿಮಿಷದೊಳಗೆ ಮುಗಿಸಿದರೆ "ಎಕ್ಸಲೆಂಟ್". ಬನಿಯನ್ ಶೂ ಹಾಕಿ ಆ ಹೊತ್ತಿಗೆ ಓಡುವುದು ನಿನಗೆ ಸುಲಭ. ಬೂಟು ಹಾಕಿ, ಬೆನ್ನಿಗೆ ಪಿಠ್ಠು ಚೀಲ ಕಟ್ಟಿ ಓಡಿ ನೋಡು, ಎದೆಯೊಳಗಿನ ಗಾಳಿಯ ಲೆಕ್ಕವೇ ಬೇರೆ.

ಪ್ರೊಬೇಷನ್‌ನಲ್ಲಿ ಏನೇನು ಮಾಡಿಸುತ್ತಾರೆ?

ಹೊರಗೆ ಎಲ್ಲರಿಗೂ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ. ಎಸ್‌ಎಫ್ ಬೆಟಾಲಿಯನ್ನಿನಲ್ಲಿ ಸುಮಾರು 90 ದಿನ. ಹೊರೆ ಹೊತ್ತು 10, 20, 30, 40 ಕಿ.ಮೀ. ಸ್ಪೀಡ್ ಮಾರ್ಚ್. ನಿದ್ದೆ ಕೊಡದೆ ಕೆಲಸ, ಕೆಲಸದ ಮಧ್ಯೆ ಲೆಕ್ಕ ಮಾಡಿಸುವುದು, ನೋಡಿದ್ದನ್ನು ನೆನಪಿನಿಂದ ಹೇಳಿಸುವುದು. 36 ಗಂಟೆಯ ಒಂದು ಕಠಿಣ ಪರೀಕ್ಷೆಯ ಮಾತು ನೀವೂ ಕೇಳಿರುತ್ತೀರಿ. ದಣಿದಾಗ ನಿನ್ನ ತಲೆ ಓಡುತ್ತದೆಯೇ, ದಣಿದಾಗ ಪಕ್ಕದವನು ನಿನ್ನ ಕಣ್ಣಿಗೆ ಬೀಳುತ್ತಾನೆಯೇ, ಅವರು ನೋಡುವುದು ಇದನ್ನು. ಯಾವ ಕ್ಷಣದಲ್ಲಾದರೂ "ಸಾಕು" ಅನ್ನಬಹುದು. ಬೇರೆ ಪಡೆಯಿಂದ ಬಂದವನು ತನ್ನ ಯೂನಿಟ್‌ಗೆ ಮರಳುತ್ತಾನೆ. ಅದು ಶಿಕ್ಷೆ ಅಲ್ಲ, ಕಳಂಕವೂ ಅಲ್ಲ.

ಉಳಿದವರು ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲ್‌ನಲ್ಲಿ ಐದು ಜಿಗಿತ ಮುಗಿಸಬೇಕು, ಅದರಲ್ಲಿ ಒಂದು ರಾತ್ರಿಯದು. ಆಗ ಎದೆಗೆ ರೆಕ್ಕೆಯ ಚಿಹ್ನೆ. ಎಸ್‌ಎಫ್‌ನವರಿಗೆ ಮಾತ್ರ ಬಲಿದಾನ ಬ್ಯಾಡ್ಜ್. ಸಂತೆಯಲ್ಲಿ ಮಾರುವ ಬಲಿದಾನ ಸ್ಟಿಕ್ಕರನ್ನು ಬೈಕಿಗೆ ಅಂಟಿಸಿಕೊಂಡು ಮೈದಾನಕ್ಕೆ ಬಂದ ಹುಡುಗನಿಗೆ ನಾನು ಅದನ್ನು ತೆಗೆದು ಬರಲು ಹೇಳಿದ್ದೇನೆ. ಅದನ್ನು ಗಳಿಸಿದವರಲ್ಲಿ ಹಲವರು ಮನೆಗೆ ಮರಳಿಲ್ಲ.

ಮುಂದೆ ಹಿಮಾಚಲದ ನಾಹನ್‌ನಲ್ಲಿರುವ ಸ್ಪೆಷಲ್ ಫೋರ್ಸಸ್ ಟ್ರೈನಿಂಗ್ ಸ್ಕೂಲ್ ಇದೆ, ಬೇರೆ ಬೇರೆ ಕೋರ್ಸುಗಳಿವೆ. ಕಲಿಕೆ ಅಲ್ಲಿಗೂ ಮುಗಿಯುವುದಿಲ್ಲ.

ನೀವೂ ಪ್ರೊಬೇಷನ್‌ಗೆ ಹೋಗಿದ್ದಿರಂತೆ. ಯಾಕೆ ವಾಪಸ್ ಬಂದಿರಿ?

ಹೋಗಿದ್ದೆ. ಇಪ್ಪತ್ನಾಲ್ಕು ವಯಸ್ಸು. ಐದನೇ ವಾರ ವಾಪಸ್ ಬಂದೆ. ಎರಡನೇ ವಾರದಿಂದಲೇ ಎಡಗಾಲಿನ ಮೂಳೆ ಒಂದೇ ಜಾಗದಲ್ಲಿ ಕುಟುಕುತ್ತಿತ್ತು. ಹೇಳಿದರೆ ಕಳಿಸಿಬಿಡುತ್ತಾರೆ ಎಂದು ಮುಚ್ಚಿಟ್ಟೆ. ನೋವಿನ ಮಾತ್ರೆ ನುಂಗಿ ನಡೆದೆ. ಒಂದು ರಾತ್ರಿ ನಡಿಗೆಯಲ್ಲಿ ಕಾಲು ಊರಲಾಗಲಿಲ್ಲ. ನನ್ನ ಹೊರೆಯನ್ನು ಬೇರೆ ಇಬ್ಬರು ಹಂಚಿಕೊಂಡು ಹೊತ್ತರು. ಅವರೂ ನನ್ನಷ್ಟೇ ದಣಿದಿದ್ದರು. ಕ್ಯಾಂಪ್ ಬರುವವರೆಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ಎಕ್ಸ್‌ರೇಯಲ್ಲಿ ಬಿರುಕು ಕಾಣಿಸಿತು. ಹದಿನಾಲ್ಕು ವಾರ ಓಟ ಬಂದ್. ಎರಡನೇ ವಾರದಲ್ಲೇ ಹೇಳಿದ್ದರೆ ಕಾಲು ವಾಸಿ ಮಾಡಿಕೊಂಡು ಮತ್ತೆ ಕೇಳಿಕೊಳ್ಳುವ ಅವಕಾಶ ಇರುತ್ತಿತ್ತೇನೋ. ನನಗೆ ಇವತ್ತಿಗೂ ನೋವು ಕೊಡುವುದು ವಾಪಸ್ ಬಂದದ್ದಲ್ಲ, ಆ ಇಬ್ಬರ ಬೆನ್ನ ಮೇಲೆ ನನ್ನ ಭಾರ ಹೋದದ್ದು. ನನ್ನ ಹುಡುಗರಿಗೆ ಕಾಲು ನೋವು ಮುಚ್ಚಿಡಬೇಡ ಎಂದು ದಿನಾ ಹೇಳುವುದು ಇದಕ್ಕೆ.

ಊರಲ್ಲೇ ಹೇಗೆ ತಯಾರಾಗಬೇಕು?

ಮೊದಲು ಅಗ್ನಿವೀರ್ ಭರ್ತಿಯ 1.6 ಕಿ.ಮೀ. ಓಟ. ಇದನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗೆ ಪೂರ್ತಿ 60 ಅಂಕ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 82 ಸೆಕೆಂಡು. ಮೊದಲ ಸುತ್ತನ್ನು 70ರಲ್ಲಿ ಓಡಿ ನಾಲ್ಕನೆಯದರಲ್ಲಿ ಬಾಯಿ ಬಿಡುವುದೇ ಎಲ್ಲರೂ ಮಾಡುವ ತಪ್ಪು. ಹತ್ತು ಪುಲ್ ಅಪ್‌ಗೆ 40 ಅಂಕ. ಕಂಬಿ ಇಲ್ಲದಿದ್ದರೆ ಹುಣಸೆ ಕೊಂಬೆ ಸಾಕು, ಗಟ್ಟಿಯಿದೆಯೇ ನೋಡಿಕೊಳ್ಳಿ.

ಬೆಟ್ಟಗಳಿಗೆ ನಮ್ಮಲ್ಲಿ ಬರವಿಲ್ಲ. ನಂದಿಗೆ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು, ಕೋಲಾರದವರಿಗೆ ಅಂತರಗಂಗೆ, ತುಮಕೂರಿನವರಿಗೆ ದೇವರಾಯನದುರ್ಗ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಒದ್ದೆ ಬಂಡೆಯಿರುವಾಗ ಹತ್ತಲೇಬೇಡಿ. ವಾರಕ್ಕೊಂದು ದಿನ ಹತ್ತಿದರೆ ಸಾಕು. ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ, ಮಂಡಿ ಹಾಳಾಗುವುದು ಇಳಿಯುವಾಗ. ಹೊರೆ ಬೇಕೆಂದರೆ ಸ್ಕೂಲ್ ಬ್ಯಾಗಿಗೆ ಐದು ಕೆಜಿ ರಾಗಿ ಹಾಕಿ ನಡೆಯಿರಿ. ಹದಿನೆಂಟರ ಹುಡುಗ ಇಪ್ಪತ್ತು ಕೆಜಿ ಮರಳು ಹೊತ್ತು ಡಾಂಬರಿನ ಮೇಲೆ ಓಡುವುದು ತಯಾರಿ ಅಲ್ಲ, ಬೆನ್ನಿಗೆ ಮಾಡುವ ಅನ್ಯಾಯ.

ಜಿಮ್‌ನಲ್ಲಿ ಯಾರೋ ಕೊಡುವ ಇಂಜೆಕ್ಷನ್, ಓಟದ ಮುಂಚಿನ ಮಾತ್ರೆ, ಇವಕ್ಕೆ ಕೈ ಹಾಕಿದವನು ನನ್ನ ಮೈದಾನಕ್ಕೆ ಬರಬೇಡ. ಬೇಸಿಗೆಯ ಓಟದಲ್ಲಿ ಮೈ ಬಿಸಿಯೇರಿ ಜೀವ ಹೋಗುವುದಕ್ಕೆ ಅಷ್ಟೇ ಸಾಕು.

ಈಜು ಬರಲ್ಲ ಅಣ್ಣ.

ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ನಮ್ಮದು, ನಾಚಿಕೆ ಬೇಡ. ಕೋಲಾರದ ಲಕ್ಷ್ಮೀಸಾಗರ ಕೆರೆಗೆ 2018ರಲ್ಲಿ ಕೆಸಿ ವ್ಯಾಲಿ ನೀರು ಬಂದಾಗಿನಿಂದ ಕೆರೆಗಳು ತುಂಬಿವೆ, ಹುಡುಗರು ಇಳಿಯುತ್ತಾರೆ. ಅದು ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲಕ್ಕೆ ಇಳಿಯಲಿ ಎಂದು ಬಿಟ್ಟದ್ದು, ಈಜುವುದಕ್ಕಲ್ಲ. ಕಲ್ಲು ಕ್ವಾರಿಯ ಹೊಂಡ ಅದಕ್ಕಿಂತ ಕೆಟ್ಟದು, ಅಂಚಿನಲ್ಲೇ ಆಳ. ಈಜುಕೊಳದಲ್ಲಿ, ಕಲಿಸುವವರ ಎದುರಿಗೆ ಕಲಿಯಿರಿ.

ಎತ್ತರ, ಎದೆ, ವಯಸ್ಸು, ಓದು?

ಕರ್ನಾಟಕದವರಿಗೆ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, ಎತ್ತರ 166 ಸೆಂ.ಮೀ., ಎದೆ 77 ಸೆಂ.ಮೀ., ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 45. ಮದುವೆ ಆಗಿರಬಾರದು. ವಯಸ್ಸಿನ ದಿನಾಂಕಗಳನ್ನು ಆ ವರ್ಷದ ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಕಿವಿ ಗುಗ್ಗೆ, ಹುಳುಕು ಹಲ್ಲು ಇವನ್ನು ಮೆಡಿಕಲ್‌ಗೆ ಎರಡು ತಿಂಗಳು ಮುಂಚೆಯೇ ಸರಿ ಮಾಡಿಸಿ.

ಒಬ್ಬರು ಸೀಟು ಕೊಡಿಸ್ತೀನಿ ಅಂತಿದ್ದಾರೆ, ದುಡ್ಡು ಕೇಳ್ತಿದ್ದಾರೆ.

ಒಂದು ರೂಪಾಯಿ ಕೊಡಬೇಡಿ. ಅರ್ಜಿ ಶುಲ್ಕ 250 ರೂಪಾಯಿ, ಅದೂ ಸೇನೆಯ ಜಾಲತಾಣದಲ್ಲಿ ನೀವೇ ಕಟ್ಟುವುದು. ಪರೀಕ್ಷೆ ಕಂಪ್ಯೂಟರಿನಲ್ಲಿ, ಓಟ ಎಲ್ಲರ ಕಣ್ಣೆದುರಿಗೆ, ಪಟ್ಟಿ ಅಂಕದ ಮೇಲೆ. ನಡುವೆ ಯಾರಿಗೂ ಜಾಗವಿಲ್ಲ. ನನ್ನ ಭಾವಮೈದುನ ಮಗನಿಗಾಗಿ ಎರಡು ಲಕ್ಷ ಕೊಟ್ಟ. ಎರಡು ಸೀಮೆಹಸು ಮಾರಿದ ದುಡ್ಡೂ ಅದರಲ್ಲಿತ್ತು. ಆ ಮನುಷ್ಯ ಫೋನ್ ನಂಬರು ಬದಲಿಸಿದ. ಹುಡುಗ ಮರುವರ್ಷ ತಾನೇ ಓಡಿ, ತಾನೇ ಬರೆದು ಆಯ್ಕೆಯಾದ. ಹಸುಗಳು ಮಾತ್ರ ಹೋದವು.

ಹೆಣ್ಣುಮಕ್ಕಳಿಗೆ?

ಜವಾನ್ ಮಟ್ಟದಲ್ಲಿ ಸೇನಾ ಪೊಲೀಸ್ ದಳ ಇದೆ. ಅವರ ತರಬೇತಿಯೂ ಬೆಂಗಳೂರಿನಲ್ಲೇ. 2021ರ ಮೇನಲ್ಲಿ 83 ಮಹಿಳೆಯರ ಮೊದಲ ತಂಡ ಅಲ್ಲಿಂದ ಹೊರಬಂತು. ನನ್ನ ಮೈದಾನಕ್ಕೆ ಈಗ ಮೂವರು ಹೆಣ್ಣುಮಕ್ಕಳು ಬರುತ್ತಾರೆ, ಹೊತ್ತಿಗೆ ಸರಿಯಾಗಿ ಬರುವವರೂ ಅವರೇ.

ಎನ್‌ಎಸ್‌ಜಿ, ಮಾರ್ಕೋಸ್, ಗರುಡ್?

ಎನ್‌ಎಸ್‌ಜಿಗೆ, ಅಂದರೆ ರಾಷ್ಟ್ರೀಯ ಭದ್ರತಾ ದಳಕ್ಕೆ, ನೇರ ಭರ್ತಿ ಇಲ್ಲ, ಸೇನೆ ಮತ್ತು ಅರೆಸೇನಾ ಪಡೆಗಳಿಂದ ಎರವಲು ಹೋಗುವುದು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬಿಹಾರ್ ರೆಜಿಮೆಂಟಿನಿಂದ ಅಲ್ಲಿಗೆ ಹೋದವರು. 2008ರ ನವೆಂಬರ್‌ನಲ್ಲಿ ಮುಂಬೈ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟರು. ಮಾರ್ಕೋಸ್ ನೌಕಾಪಡೆಯ ಕಮಾಂಡೊ ಪಡೆ, ಗರುಡ್ ವಾಯುಪಡೆಯದು.

ನಾಲ್ಕು ವರ್ಷ ಆದ ಮೇಲೆ ಮನೆಗೆ ಕಳಿಸಿದರೆ?

ಈ ಚಿಂತೆ ನ್ಯಾಯವಾದದ್ದು. ಒಂದು ತಂಡದಲ್ಲಿ ಶೇ. 25ರವರೆಗೆ ಕಾಯಂ ಮಾಡಿಕೊಳ್ಳುವುದು 2022ರ ನಿಯಮ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಸೇವಾನಿಧಿಗೆ ಹೋಗಿ ಕೈಗೆ 21,000. ನಾಲ್ಕು ವರ್ಷ ಮುಗಿಸಿ ಹೊರಡುವಾಗ ಸರ್ಕಾರದ ಪಾಲು, ಬಡ್ಡಿ ಸೇರಿ ಸುಮಾರು 11.71 ಲಕ್ಷ. ನಡುವೆ ಬೇಡ ಎಂದು ಬಿಟ್ಟುಬರುವುದಕ್ಕೆ ತೀರಾ ವಿಶೇಷ ಕಾರಣವಿಲ್ಲದೆ ಅವಕಾಶವಿಲ್ಲ. ಆದ್ದರಿಂದ ಮನೆಯಲ್ಲಿ ಕೂತು, ಅಪ್ಪ ಅಮ್ಮನ ಜೊತೆ ಈ ಲೆಕ್ಕ ಹಾಕಿಯೇ ಅರ್ಜಿ ಹಾಕಿ. ಪಿಯುಸಿ ಅರ್ಧಕ್ಕೆ ಬಿಟ್ಟು ಬರಬೇಡಿ, ಮುಗಿಸಿ ಬನ್ನಿ.

ನಾಳೆಯಿಂದ ಬರಬಹುದಾ ಸರ್?

ಬಾ. ಐದೂಕಾಲಿಗೆ ಗೇಟಿನ ಹತ್ತಿರ. ಬಾಟಲಿ ನೀರು, ಎರಡು ಜೊತೆ ಕಾಲುಚೀಲ. ಹಿಂದಿನ ರಾತ್ರಿ ಉಗುರು ಕತ್ತರಿಸಿಕೊಂಡು ಬಾ, ಮೊದಲು ನಿನ್ನ ಪಾದ ನೋಡುತ್ತೇನೆ.